ಹೆರದವಳ ಬಾಣಂತನ

ನನ್ನ ಅಕ್ಕನನ್ನು ತುಪ್ಪ ತಿನ್ನಿಸಿ ಕೊಲ್ಲಲು ಹೊರಟಿದ್ದರು. ಹೀಗೆಂದಾಗಲೆಲ್ಲ ನಮ್ಮ ನೆಂಟರಲ್ಲಿ ಯಾರಾದರೊಬ್ಬರು, "ಹಾಗನ್ನಬೇಡಿ, ಆ ಅತ್ತೆ ಬಹಳ ಒಳ್ಳೆಯವರು" ಎಂದು ನನ್ನ ಬಾಯಿ ಮುಚ್ಚಿಸಲು ಬರುತ್ತಾರೆ. ಒಳ್ಳೆಯವರೇ. ಕೆಟ್ಟವರಾಗಿದ್ದರೆ ನಾಲ್ಕು ಜನರ ಮುಂದೆ ಬೈದು, ಅಕ್ಕನನ್ನು ಮೊದಲ ವಾರವೇ ಎಳೆದುಕೊಂಡು ಬರುತ್ತಿದ್ದೆ. ಒಳ್ಳೆಯವರೆಂದು ನಂಬಿ ಬಿಟ್ಟುಬಂದೆ. ಆ ಸಿಟ್ಟು ಇನ್ನೂ ಆರಿಲ್ಲ. ಅದರಲ್ಲಿ ನನ್ನ ಮೇಲಿನ ಸಿಟ್ಟೂ ಸೇರಿದೆ.

ಯುದ್ಧದ ಕಾಲ ಅದು. ನಾನು ಕೊರಟಗೆರೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು; ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಕ್ಕ ಆರು ವರ್ಷ ದೊಡ್ಡವಳು, ಸ್ವಭಾವದಲ್ಲಿ ನನಗೆ ತದ್ವಿರುದ್ಧ. ಬೇಡ ಎನ್ನಲು ಅವಳಿಗೆ ಬರುತ್ತಲೇ ಇರಲಿಲ್ಲ. ಅವಳನ್ನು ಮಧುಗಿರಿ ಪೇಟೆಯ ಜವಳಿ ವ್ಯಾಪಾರದ ಮನೆಗೆ ಕೊಟ್ಟಿದ್ದೆವು. ನಮ್ಮಂತೆಯೇ ಶೈವರು, ಪೂಜೆಯಾಗದೆ ನೀರು ಮುಟ್ಟದ ಮನೆತನ. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಅವಳ ಅತ್ತೆ ಪಾವಗಡದ ಕಡೆಯವರು. ಪ್ರೀತಿ ಉಕ್ಕಿದರೂ ಸಿಟ್ಟು ಬಂದರೂ ಅವರ ಮಾತಿನಲ್ಲಿ ತೆಲುಗು ನುಗ್ಗುತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಕ್ಕನಿಗೆ ಹೊಟ್ಟೆನೋವು ಬಂತು. ನಾಲ್ಕು ದಿನ ಎರಡಾಗಿ ಮಡಿಸಿಕೊಂಡು ಬಿದ್ದಿದ್ದಳಂತೆ, ಕುಡಿದ ನೀರೂ ವಾಂತಿ. ಪಂಡಿತರ ಕಷಾಯಕ್ಕೋ ತನ್ನಷ್ಟಕ್ಕೋ ನೋವು ಇಳಿಯಿತು. ಎರಡು ತಿಂಗಳಲ್ಲಿ ಹೊಟ್ಟೆ ಊದತೊಡಗಿತು, ಮುಟ್ಟೂ ನಿಂತಿತು. ಇನ್ನೇನು ಬೇಕು? ಮನೆಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದವಳು ತಲೆಯಾಡಿಸಿದಳು.

"ಇದು ಮಗಾ ಅಲ್ಲ ಕಣವ್ವಾ. ಮಗಾ ಕೆಳಗಿಂದ ಮ್ಯಾಕೆ ಬೆಳೀತದೆ. ಇದು ಮ್ಯಾಲೇ ಕುಂತದೆ, ಎದೆಗೂಡಿನ ಕೆಳಗೆ. ಅಲ್ಲಾಡಂಗೂ ಇಲ್ಲ."

ಸಾವಿರ ಮಕ್ಕಳನ್ನು ಕೈಯಲ್ಲಿ ಹಿಡಿದವಳು ಅವಳು. ಅವಳ ಕಣ್ಣು ಕೆಟ್ಟದ್ದು ಎಂದು ಎಲೆ ಅಡಿಕೆಯನ್ನೂ ಕೊಡದೆ ಕಳಿಸಿದರು. ಆಮೇಲೆ ಅಕ್ಕನಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಗಂಡ ಸತ್ತವಳನ್ನು ಅದಕ್ಕೆ ಕರೆಯುವುದುಂಟೆ? ಹಾಗಾಗಿ ನಾನು ಅಕ್ಕನನ್ನು ನೋಡಿದ್ದು ಶಾಸ್ತ್ರವಾಗಿ ಎರಡು ವಾರದ ಮೇಲೆ. ಹೊಟ್ಟೆ ಮುಂದೆ ಬಂದಿತ್ತು, ಮಿಕ್ಕ ಅಕ್ಕ ಎಲ್ಲಿ ಎಂದು ಹುಡುಕಬೇಕಾಗಿತ್ತು. ಕೈ ಎತ್ತಿದರೆ ಬಳೆಗಳು ಮೊಣಕೈ ದಾಟಿ ಜಾರುತ್ತಿದ್ದವು. ಎರಡು ತುತ್ತು ತಿಂದರೆ ಮೂರು ತುತ್ತು ವಾಂತಿ. "ಬಸುರಿ ಅಂದ್ಮ್ಯಾಲೆ ವಾಂತಿ ಇರಾಕಿಲ್ವಾ?" ಎಂದು ಅತ್ತೆ ನಕ್ಕರು. ನಾನು ಅಂಗಳದಲ್ಲಿ ನಿಂತು ಕೂಗಾಡಿದೆ. ಬೀದಿಯವರು ಕೇಳಿಸಿಕೊಂಡರು ಎಂಬ ನಾಚಿಕೆಗಾದರೂ ಭಾವ ಅವಳನ್ನು ಊರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಒಂದೇ ಸಲ ಒತ್ತಿ ನೋಡಿ, ನಾಳೆಯೇ ಬೆಂಗಳೂರಿಗೆ ಹೊರಡಿ ಎಂದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳ ಹೊಟ್ಟೆ ಕೊಯ್ದರು. ಜೊತೆಗಿದ್ದವಳು ನಾನು, ಶಾಲೆಗೆ ರಜೆ ಹಾಕಿ ಹೋಗಿದ್ದೆ. ಜಠರದ ಹಿಂದೆ ಮೇದೋಜೀರಕ ಎಂಬ ಗ್ರಂಥಿ ಇದೆಯೆಂದೂ, ಉಂಡದ್ದನ್ನು ಅರಗಿಸುವ ರಸ ಅಲ್ಲಿಂದ ಬರುತ್ತದೆಂದೂ, ಆ ನಾಲ್ಕು ದಿನದ ನೋವಿನಲ್ಲಿ ಅದು ಒಡೆದು ರಸ ಸೋರಿ ಚೀಲ ಕಟ್ಟಿಕೊಂಡಿದೆಯೆಂದೂ ಸರ್ಜನ್ನರು ನನಗೆ ಕಾಗದದ ಮೇಲೆ ಗೀಚಿ ತೋರಿಸಿದರು. ಚೀಲದಿಂದ ಒಂದು ಬಿಂದಿಗೆ ಕೆಸರು ನೀರು ತೆಗೆದಿದ್ದರು. ಚೀಲದ ಬಾಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು, ರಬ್ಬರ್ ಕೊಳವೆ ಇಟ್ಟು, ಅದರ ತುದಿಯನ್ನು ಸೀಸೆಗೆ ಬಿಟ್ಟಿದ್ದರು. ಮಗು ಎಂದು ಹಾಡಿ ಹರಸಿದ್ದು ಅದೇ ಕೆಸರು ನೀರು.

"ಆಪರೇಷನ್ ಅರ್ಧ ಕೆಲಸ ಕಣಮ್ಮ. ಮಿಕ್ಕಿದ್ದು ಊಟದಲ್ಲಿದೆ," ಎಂದರು ಸರ್ಜನ್ನರು. "ಜಿಡ್ಡು ಮುಟ್ಟಿಸಬೇಡಿ, ಅದನ್ನು ಅರಗಿಸುವ ಶಕ್ತಿ ಅವಳಿಗೆ ಈಗಿಲ್ಲ. ಎರಡೆರಡು ಗಂಟೆಗೆ ಒಂದೊಂದು ಬಟ್ಟಲು, ಅಷ್ಟೇ. ಸೀಸೆಗೆ ಎಷ್ಟು ಸೋರಿತೋ ನೋಡಿ, ಅದಕ್ಕಿಂತ ಹೆಚ್ಚು ನೀರು ಕುಡಿಸಿ, ಉಪ್ಪು ಹಾಕಿ. ಮೊಟ್ಟೆಯ ಬಿಳಿ ಕೊಡಬಹುದು."

ನಮ್ಮದು ಶೈವರ ಮನೆ, ಮೊಟ್ಟೆ ಮುಟ್ಟುವುದಿಲ್ಲ ಎಂದೆ. ಅವರು ಬೇಸರಿಸಲಿಲ್ಲ. ಹೆಸರುಕಾಳಿನ ಕಟ್ಟು, ಪೂರ್ತಿ ಕೆನೆ ತೆಗೆದ ಹಾಲು, ನೀರುಮಜ್ಜಿಗೆ ಎಂದರು. ಕೂಸುಗಳಿಗೆ ಮಾಡುವ ರಾಗಿ ಸರಿ ಇದೆಯಲ್ಲ, ಅದೇ ಆಗಲಿ, ಆದರೆ ರಾಗಿಯನ್ನು ಮೊಳಕೆ ಕಟ್ಟಿಯೇ ಹಿಟ್ಟು ಮಾಡಿ. ಮೊಳಕೆ ಬಂದ ಕಾಳು ಅರ್ಧ ತಾನೇ ಅರಗಿರುತ್ತದೆ ಎಂದರು. ಸೋರುವ ರಸ ಅನ್ನವನ್ನಷ್ಟೇ ಅಲ್ಲ, ಅವಳ ಚರ್ಮವನ್ನೂ ಅರಗಿಸುತ್ತದೆ, ಕೊಳವೆಯ ಸುತ್ತ ಬಿಳಿ ಮುಲಾಮು ದಪ್ಪಗೆ ಹಚ್ಚಿರಿ ಎಂದು ನರ್ಸಮ್ಮ ಕಲಿಸಿದಳು. ಮೂರು ವಾರ ನಾನೇ ಕುಡಿಸಿದೆ. ಅಕ್ಕನ ಮುಖಕ್ಕೆ ಸ್ವಲ್ಪ ನೆತ್ತರು ಬಂತು.

ರಜೆ ಮುಗಿಯಿತು. ಅಕ್ಕ ಮಧುಗಿರಿಗೆ ಹೋದಳು, ಕೊಳವೆ ಸೀಸೆಗಳ ಸಮೇತ. ನಾನು ದಪ್ಪ ಅಕ್ಷರದಲ್ಲಿ ಪಥ್ಯವನ್ನೆಲ್ಲ ಬರೆದು ಅವರ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅತ್ತೆಗೆ ಓದಲು ಬಾರದೆಂದು ಎರಡು ಸಲ ಬಾಯಲ್ಲಿ ಹೇಳಿದೆ. "ಆಗ್ಲಮ್ಮ, ಅಂಗೇ ಮಾಡ್ತೀನಿ ಬುಡು" ಎಂದರು. ನಾನು ನಂಬಿದೆ.

ಮೂರು ವಾರಕ್ಕೆ ಭಾವನ ಕಾರ್ಡು ಬಂತು. ಎಲ್ಲರೂ ಕ್ಷೇಮ, ನಮ್ಮಮ್ಮ ಅವಳನ್ನು ಥೇಟ್ ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದಾರೆ, ಚಿಂತೆ ಬೇಡ ಎಂದಿತ್ತು. ಬಾಣಂತಿಯ ಹಾಗೆ ಎಂದರೆ ತುಪ್ಪದ ಊಟ ಎಂದೇ ಅರ್ಥ. ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಹಾಗೆಯೇ ಮಧುಗಿರಿಯ ಬಸ್ಸು ಹತ್ತಿದೆ.

ಅಕ್ಕನನ್ನು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಾಕಿದ್ದರು. ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಕಟ್ಟಿ, ಒಳಗೆ ಸಾಂಬ್ರಾಣಿ ಹೊಗೆ. ಹಗ್ಗದ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ತಲೆಗೆ ವಸ್ತ್ರ ಬಿಗಿದು, ಕಿವಿಗೆ ಅರಳೆ ತುರುಕಿದ್ದರು. ಹಳೆಯ ಸೀರೆಯನ್ನು ಹೊಟ್ಟೆಗೆ ಸುತ್ತಿ ಸುತ್ತಿ ಬಿಗಿದು ಕಟ್ಟಿದ್ದರು, ಕೊಳವೆಯ ಮೇಲೆಯೇ! ಕಟ್ಟು ಬಿಚ್ಚಿ ನೋಡಿದರೆ ಕೊಳವೆ ಮಡಿಸಿಕೊಂಡಿತ್ತು. ರಸ ಪಕ್ಕದಿಂದ ಸೋರಿ ಅಂಗೈ ಅಗಲದ ಚರ್ಮ ಸುಲಿದುಹೋಗಿತ್ತು. ಮುಂದೆ ತಟ್ಟೆಯಲ್ಲಿ ಬಿಸಿ ಅನ್ನ, ಹುರಿದ ಬೆಳ್ಳುಳ್ಳಿ, ಮೆಣಸಿನ ಪುಡಿ. ಅನ್ನದ ನಡುವೆ ಕೆರೆ ತುಂಬಿದ ಹಾಗೆ ತುಪ್ಪ ನಿಂತಿತ್ತು. ದಿನಕ್ಕೆ ಎರಡೇ ಊಟ. ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆಂದು ಇಡೀ ದಿನಕ್ಕೆ ಒಂದು ಲೋಟ, ಅದೂ ಕಾದದ್ದು. ಮಜ್ಜಿಗೆ ಶೀತ, ಹೆಸರುಕಾಳು ವಾಯು. ತಿಂದ ತುಪ್ಪ ತಿಂದ ಹಾಗೆಯೇ ಭೇದಿಯಾಗಿ ಹೋಗುತ್ತಿತ್ತು. ಒಳಗಿನ ಕೊಳೆ ಹೊರಗೆ ಬರುತ್ತಿದೆ ಎಂದು ಅತ್ತೆಗೆ ಸಮಾಧಾನ.

ನನ್ನ ಚೀಟಿ? ಗೋಡೆಯ ಮೇಲೇ ಇತ್ತು. ಡಾಕ್ಟರ ಮಾತೆಂದು ಅದಕ್ಕೆ ದಿನವೂ ವಿಭೂತಿ ಹಚ್ಚಿದ್ದರು. ಓದಲು ಬರುತ್ತಿದ್ದ ಭಾವನನ್ನು ಕೇಳಿದೆ.

"ಅಡುಗೆಮನೆ ವಿಸ್ಯ ನಂಗೇನ್ ಗೊತ್ತಮ್ಮ?" ಎಂದರು. ಗಜಕ್ಕೆ ಅರ್ಧ ಅಂಗುಲ ಕಡಿಮೆಯಾದರೆ ಗೊತ್ತಾಗುವ ಮನುಷ್ಯನಿಗೆ, ಮಲಗಿದ ಹೆಂಡತಿ ದಿನದಿನಕ್ಕೆ ಅರ್ಧವಾಗುವುದು ಗೊತ್ತಾಗಿರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಗಾದೆ ಕಟ್ಟಿದವನು ಗಂಡಸೇ ಇರಬೇಕು. ಬಡಿಸುವವರು ಯಾರು, ತಿನ್ನುವವಳಿಗೆ ಬೇಡ ಎನ್ನುವ ಹಕ್ಕಿದೆಯೇ ಎಂದು ಅವನು ಯೋಚಿಸಲಿಲ್ಲ.

"ಯಾರು ಹೇಳಿದ್ದು ನಿಮಗೆ ಹೊಟ್ಟೆ ಕಟ್ಟೋಕೆ?" ಎಂದು ಅತ್ತೆಯ ಮೇಲೆ ಹರಿಹಾಯ್ದೆ.

"ಹೊಟ್ಟೆ ಖಾಲಿ ಆದೋಳು ಕಣಮ್ಮ. ಕಟ್ದೆ ಬುಟ್ರೆ ಗಾಳಿ ತುಂಬ್ಕೊಳಾಕಿಲ್ವಾ? ಆ ಡಾಕ್ಟ್ರು ಗಂಡಸು. ಬಾಣಂತನ ಅವ್ನಿಗೇನು ತಿಳೀತದೆ?"

"ಬಾಣಂತನ ಎಲ್ಲಿಂದ ಬಂತು? ಅವಳು ಹೆತ್ತಿಲ್ಲ!"

ಕೂಗಿಯೇ ಹೇಳಿದೆ. ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅತ್ತೆ ಕುಕ್ಕರುಗಾಲಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಅಯ್ಯೋ ನಾ ತಲ್ಲೀ... ಐದು ತಿಂಗ್ಳಿಂದ ಕೂಡಿಟ್ಟ ತುಪ್ಪ ಕಣಮ್ಮ. ನನ್ನ ಕೈಯಾರೆ ಕಾಸಿದ್ದು. ಅವ್ಳಿಗಲ್ದೆ ಇನ್ಯಾರಿಗೆ ಇಕ್ಲಿ?"

ಅವರ ಅಳು ನೋಡಿ ನನಗೆ ಕರುಣೆ ಬರಬೇಕಾಗಿತ್ತು. ಬರಲಿಲ್ಲ. ನನಗೆ ಬಂದದ್ದು ಇನ್ನಷ್ಟು ಸಿಟ್ಟು. ಹನ್ನೆರಡು ವರ್ಷ ಅದೇ ಮನೆಯಲ್ಲಿ ನನ್ನ ಅಕ್ಕ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಬಳಿದು ತಿಂದಿದ್ದಳು. ಆಗ ಈ ತುಪ್ಪ ಎಲ್ಲಿತ್ತು? ನಮ್ಮ ಸೀಮೆಯಲ್ಲಿ ಹೆತ್ತವಳಿಗೆ ಮಾತ್ರ ಕೂತಲ್ಲಿಗೆ ಅನ್ನ ಬರುತ್ತದೆ. ಮಗು ಬರಲಿಲ್ಲ, ತುಪ್ಪ ಮಾತ್ರ ಉಳಿಯಿತು, ಅದನ್ನು ಸುರಿಯಲು ಒಂದು ಖಾಲಿ ಹೊಟ್ಟೆ ಬೇಕಾಗಿತ್ತು. ಅಕ್ಕ ಅವರಿಗೆ ಆ ಹೊಟ್ಟೆಯಾದಳು. ಇದನ್ನೆಲ್ಲ ಅಲ್ಲೇ ಹೇಳಿದೆ. ಭಾವ ಅಂಗಡಿಗೆ ಎದ್ದುಹೋದರು.

ಸೋಮವಾರ ಬೆಳಿಗ್ಗೆ ಅಕ್ಕನನ್ನು ಎತ್ತಿನ ಗಾಡಿಯಲ್ಲಿ ಬಸ್ಸಿನ ಬಳಿಗೆ ಒಯ್ದು, ಕೊರಟಗೆರೆಗೆ ಕರೆದುಕೊಂಡು ಹೊರಟೆ. ಪೆಟ್ರೋಲಿಲ್ಲದ ಕಾಲ, ಇದ್ದಿಲು ಒಲೆಯ ಬಸ್ಸು. ಏರು ಬಂದಾಗ ಗಂಡಸರು ಇಳಿದು ತಳ್ಳಬೇಕಾಗಿತ್ತು. ಅಕ್ಕನ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಲು ನಾನು ಮರೆತಿದ್ದೆ. ಅದನ್ನು ನೋಡಿ ಒಬ್ಬ ಹೆಂಗಸು ಎದ್ದು ನಿಂತು, "ಬಾಣಂತಿ ಮನೀಕ್ಕಳ್ಲಿ ಬುಡಿ, ಪಾಪ" ಎಂದು ಇಡೀ ಸೀಟು ಬಿಟ್ಟುಕೊಟ್ಟಳು. "ಬಾಣಂತಿಯಲ್ಲ, ಆಪರೇಷನ್ ಆದವಳು" ಎಂದು ನಾನು ಸಿಡುಕಿದೆ. ಅಕ್ಕ ಆ ಹೆಂಗಸಿಗೆ ಕೈ ಮುಗಿದಳು.

ಮನೆಗೆ ಬಂದ ಮೇಲೆ ನನ್ನ ರಾಜ್ಯ ಶುರುವಾಯಿತು. ಕೋಣೆಯ ಕಿಟಕಿ ತೆಗೆದೆ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದೆ. ಹೊಸ ಚೀಟಿ ಬರೆದೆ. ಶಾಲೆಯ ಗಂಟೆಗಳ ನಡುವೆ ಓಡಿಬಂದು ಬಟ್ಟಲು ಹಿಡಿಯುತ್ತಿದ್ದೆ, ನಾನಿಲ್ಲದಾಗ ಅಮ್ಮ. ಎಲ್ಲವೂ ಸರ್ಜನ್ನರು ಹೇಳಿದಂತೆಯೇ ಇತ್ತು. ಒಂದೇ ಒಂದು ಕೊರತೆ: ಅಕ್ಕ ತಿನ್ನಲಿಲ್ಲ.

ಎರಡು ಚಮಚ ಕುಡಿದು ತುಟಿ ಬಿಗಿಯುವಳು. ಸಾಕು ಎನ್ನುವಳು. ಗದರಿದರೆ ಕಣ್ಣು ಮುಚ್ಚುವಳು. ನಾಲ್ಕು ದಿನ, ಐದು ದಿನ ಕಳೆದವು. ಸೀಸೆಗೆ ಬೀಳುವ ರಸ ಮಾತ್ರ ನಿಲ್ಲಲಿಲ್ಲ. ಹೊರಗೆ ಹೋಗುವುದು ಒಳಗೆ ಬರುವುದಕ್ಕಿಂತ ಹೆಚ್ಚಾದರೆ ಮನುಷ್ಯ ಎಷ್ಟು ದಿನ ಉಳಿಯುತ್ತಾನೆ? ಆ ಲೆಕ್ಕವನ್ನು ನನ್ನ ಮೂರನೆಯ ತರಗತಿಯ ಹುಡುಗಿಯರೂ ಹೇಳುತ್ತಿದ್ದರು. ಆರನೆಯ ದಿನ ಅವಳಿಗೆ ಬಟ್ಟಲು ಹಿಡಿಯುವ ಬಲವೂ ಇರಲಿಲ್ಲ. ನನ್ನ ತಾಳ್ಮೆ ತಪ್ಪಿತು.

"ಅಲ್ಲಿ ಹೊಟ್ಟೆ ಉರಿದರೂ ತುಪ್ಪದನ್ನ ತಿಂದೆ. ಇಲ್ಲಿ ಗಂಜಿ ಇಳಿಯಲ್ವಾ? ನಾನು ಕೊಟ್ಟರೆ ವಿಷವಾ?"

ಅಕ್ಕ ನನ್ನ ಕಡೆ ತಿರುಗಿದಳು. "ಅಲ್ಲಿ ಬಾಣಂತಿ ಅಂತಿದ್ರು ಕಣೇ," ಎಂದಳು. "ಇಲ್ಲಿ ನೀನು ರೋಗಿ ಅಂತೀಯ."

"ತುಪ್ಪ ಆಗಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನೀನು ಚೀಟಿ ಓದಿದ್ದು ನಾನೂ ಕೇಳಿಸ್ಕೊಂಡಿದ್ನಲ್ಲ. ತಿಂದಾಗೆಲ್ಲ ಸಂಕ್ಟ ಆಗ್ತಿತ್ತು. ಆದ್ರೂ ಒಂದ್ಸಲನಾದ್ರೂ ನಂಗೂ ಬಾಣಂತನ ಆಗ್ಲಿ ಅನ್ನಿಸ್ತು. ಅತ್ತೆ ಕಾಲು ತಿಕ್ಕೋರು. ನನ್ನ ಊಟ ಆಗೋ ತಂಕ ಮನೇಲಿ ಯಾರೂ ಉಣ್ತಿರ್ಲಿಲ್ಲ ಕಣೇ."

ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ನಿಜ ಹೇಳುತ್ತಿದ್ದೇನೆ. ಅತ್ತೆಯ ಮೇಲೆ, ಭಾವನ ಮೇಲೆ ಇಷ್ಟು ದಿನ ಕೂಡಿಹಾಕಿದ ಸಿಟ್ಟೆಲ್ಲ ತಿರುಗಿ ಈ ಮೂಳೆಯ ಗೂಡಿನ ಮೇಲೆ ಬಂತು. ನಾನು ಹಿತ್ತಿಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ದಡದಡ ತಿಕ್ಕಿದೆ. ಗಂಡ ಸತ್ತಾಗ ನನ್ನ ಬಳೆ ಒಡೆದವರೂ ಈ ಜನವೇ, ಬಾರದ ಮಗುವಿನ ಹೆಸರಲ್ಲಿ ಇವಳಿಗೆ ಬಳೆ ತೊಡಿಸಿದವರೂ ಈ ಜನವೇ. ಅವರು ಕೊಟ್ಟದ್ದನ್ನು ಇವಳು ಕಣ್ಣಿಗೊತ್ತಿಕೊಂಡು ನುಂಗುತ್ತಾಳಲ್ಲ!

ಒಳಗೆ ಬಂದಾಗ ಅಮ್ಮ ಅಕ್ಕನ ತಲೆಗೆ ವಸ್ತ್ರ ಕಟ್ಟುತ್ತಿದ್ದಳು. ಅಮ್ಮ ಮಾತು ಕಡಿಮೆ. ನಾವು ಆಡಿದ್ದನ್ನೆಲ್ಲ ಬಾಗಿಲ ಸಂದಿಯಿಂದ ಕೇಳಿದ್ದಳು. ಕಿವಿಗೆ ಅರಳೆ ಇಟ್ಟಳು. ಒಂದು ಚಿಟಿಕೆ ಸಾಂಬ್ರಾಣಿ ಹಾಕಿದಳು. ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ.

"ನಿಮ್ಮತ್ತೆ ಪಾವಗಡದ ಕಡೆಯೋರು, ಅವ್ರ ಬಾಣಂತನ ಬ್ಯಾರೆ," ಎಂದಳು. "ನನ್ನ ತವರು ಸಿರಾ ಕಡೆ ಬಾಣಂತಿಗೆ ಜಿಡ್ಡು ಮುಟ್ಸಾಕಿಲ್ಲ. ರಾಗಿ ಸರಿ, ಹೆಸರು ಕಟ್ಟು, ನೀರುಮಜ್ಜಿಗೆ. ಎರಡೆರಡು ಗಂಟೆಗೆ. ನಿನ್ನ ಹೆತ್ತಾಗ ನಂಗೂ ಇಂಗೇ ಮಾಡಿದ್ರು."

ಹಸಿ ಸುಳ್ಳು. ಸಿರಾದಲ್ಲೂ ಬಾಣಂತಿಗೆ ತುಪ್ಪವೇ. ನನ್ನ ಅಜ್ಜಿ ತುಪ್ಪ ಕಾಸಿದ ಕಥೆಗಳನ್ನು ನಾವಿಬ್ಬರೂ ಕೇಳಿ ಬೆಳೆದವರು. ಅಕ್ಕನಿಗೆ ಅದು ನೆನಪಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ಆದರೆ ಅವಳು ಬಾಯಿ ತೆರೆದಳು. ಅಮ್ಮ ಬಟ್ಟಲು ಪೂರ್ತಿ ಕುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಣಂತಿ ಉಂಡ ಮ್ಯಾಲೇ ನಮ್ಮೂಟ. ತಿಳೀತಾ?" ಎಂದಳು.

ನಾನು ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳುವವಳು. ಆ ನಾಟಕಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆಡಿದೆ. ದಿನಕ್ಕೆ ಎಂಟು ಸಲ ಗಂಜಿ ಹಿಡಿದು "ಬಾಣಂತಿ, ಏಳಮ್ಮ" ಎಂದೆ, ಹಲ್ಲು ಕಚ್ಚಿಕೊಂಡೇ. ಕಾಲು ತಿಕ್ಕಿದೆ. ನೋಡಲು ಬಂದ ನೆರೆಯವರಿಗೆ ಅಮ್ಮ ಬಾಗಿಲಲ್ಲೇ ಏನೋ ಪಿಸುಗುಟ್ಟಿ ಒಳಗೆ ಬಿಡುತ್ತಿದ್ದಳು. ಯಾರೂ ಮಗುವೆಲ್ಲಿ ಎಂದು ಕೇಳಲಿಲ್ಲ. ಎರಡು ವಾರಕ್ಕೆ ಭೇದಿ ನಿಂತಿತು. ಮುಲಾಮಿನ ಕೆಳಗೆ ಹೊಸ ಚರ್ಮ ಬಂತು. ಒಂದು ತಿಂಗಳಾಗುವಷ್ಟರಲ್ಲಿ ಸೀಸೆಯ ತಳವೂ ಒದ್ದೆಯಾಗುತ್ತಿರಲಿಲ್ಲ. ನಮ್ಮೂರಿನ ಆಸ್ಪತ್ರೆಯ ಡಾಕ್ಟರು ಮನೆಗೆ ಬಂದು ಕೊಳವೆ ತೆಗೆದು, ತೂತು ತಾನೇ ಮುಚ್ಚಿಕೊಳ್ಳುತ್ತದೆ, ಈಗ ಕೊಡುವ ಊಟವನ್ನೇ ಇನ್ನಷ್ಟು ದಿನ ಬಿಡದೆ ಕೊಡಿ ಎಂದರು.

ಅದಾದ ವಾರದಲ್ಲೇ ಅತ್ತೆ ಬಂದಿಳಿದರು. ಮಧ್ಯಾಹ್ನದ ಹೊತ್ತು. ಕಂಕುಳಲ್ಲಿ ಹಿತ್ತಾಳೆ ತಂಬಿಗೆ, ಅದರ ಬಾಯಿಗೆ ಬಾಳೆಲೆ ಕಟ್ಟಿತ್ತು. ನನ್ನ ಕಡೆ ನೋಡದೆ ನೇರ ಕೋಣೆಗೆ ನಡೆದರು. ತಲೆಗೆ ವಸ್ತ್ರ ಕಟ್ಟಿ, ಕಿವಿಗೆ ಅರಳೆ ಇಟ್ಟು ಕೂತಿದ್ದ ಸೊಸೆಯನ್ನು ಕಂಡು ಅವರ ಮುಖ ಅರಳಿತು.

"ನೋಡ್ದಾ, ನೀನೂ ಬಾಣಂತನವೇ ಮಾಡಿದ್ದು!" ಎಂದು ನನಗೆ ಹೇಳಿ ತಂಬಿಗೆಯ ಬಾಯಿ ಬಿಚ್ಚಿದರು. "ಇನ್ನ ಮೇಲಿಂದು ನಾನು ನೋಡ್ಕೊಂತೀನಿ. ಅನ್ನ ತಾರಮ್ಮ."

ನಾನು ತಂಬಿಗೆ ಕಿತ್ತುಕೊಳ್ಳಲು ಮುಂದೆ ಹೋದೆ. ಅಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅಕ್ಕ ತಂಬಿಗೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ತಿಂದುಬಿಡುತ್ತಾಳೆ, ಇವಳಿಗೆ ಬೇಡ ಎನ್ನಲು ಬರುವುದಿಲ್ಲ, ಇಷ್ಟು ದಿನದ ಕೆಲಸ ಒಂದು ತಟ್ಟೆಯಲ್ಲಿ ಮುಳುಗಿತು ಎಂದುಕೊಂಡೆ. ಅವಳು ಕೈಯೆತ್ತಿ ತಲೆಯ ವಸ್ತ್ರ ಬಿಚ್ಚಿದಳು. ಕಿವಿಯ ಅರಳೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಅತ್ತೆ, ನಾನು ಹೆತ್ತಿಲ್ಲ," ಎಂದಳು. "ನನ್ನ ಹೊಟ್ಟೇಲಿದ್ದಿದ್ದು ಬರೀ ನೀರು. ತುಪ್ಪ ತಿಂದ್ರೆ ನಾನು ಸಾಯ್ತೀನಿ. ನಂಗೆ ಹಸಿವಾಗೈತೆ, ಗಂಜಿ ಕೊಡಿ."

ಹನ್ನೆರಡು ವರ್ಷದಲ್ಲಿ ಅವಳು ಆ ಅತ್ತೆಯ ಮುಂದೆ ತನಗೆ ಹಸಿವಾಗಿದೆ ಎಂದದ್ದು ಅದೇ ಮೊದಲು. ಅತ್ತೆಯ ಕೈ ತಂಬಿಗೆಯ ಮೇಲೇ ನಿಂತಿತು. ಅಳುತ್ತಾರೆ, ಶಪಿಸುತ್ತಾರೆ, ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಹೋದರೆ ಹೋಗಲಿ ಎಂದು ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅವರು ತಂಬಿಗೆಯ ಬಾಯಿ ಮತ್ತೆ ಕಟ್ಟಿ ಮೂಲೆಗಿಟ್ಟರು. ಒಲೆಯ ಮೇಲಿದ್ದ ಗಂಜಿಯ ಪಾತ್ರೆಯ ಮುಂದೆ ಹೋಗಿ ಸೌಟು ಹಿಡಿದು ಕೂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಎಷ್ಟು ಹಾಕ್ಬೇಕಮ್ಮ?"

ಇಷ್ಟೇ. ಈ ಒಂದು ಮಾತನ್ನು ಮೊದಲ ದಿನ ಕೇಳಿದ್ದರೆ ಆಗುತ್ತಿತ್ತು. ಚೀಟಿಗೆ ವಿಭೂತಿ ಹಚ್ಚುವ ಬದಲು ಕೇಳಬಹುದಾಗಿತ್ತು. ಇದನ್ನು ಕೇಳಿಸಲು ನನ್ನ ಅಕ್ಕ ಸಾವಿನ ಬಾಗಿಲು ತಟ್ಟಿ ಬರಬೇಕಾಯಿತು. ಜೋಡಿಸಿಕೊಂಡಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು, "ಒಂದು ಬಟ್ಟಲು" ಎಂದೆ. ಅತ್ತೆ ಬಟ್ಟಲು ತುಂಬಿ ಅಕ್ಕನ ಕೈಗೆ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಮುಂದೆಯೇ ಕೂತಿದ್ದರು.